ಹನ್ನೆರಡು ದಿನದ ತಂಡಕ್ಕೆ ಕೋಚ್ ಆರಿಸುವ ಬಗೆ

ಬೇರೆ ಬೇರೆ ಕ್ಲಬ್‌ಗಳಿಂದ ಆಟಗಾರರನ್ನು ಆರಿಸಿ ಕಟ್ಟುವ ಕೊಡಗಿನ ಆಯ್ದ ಫುಟ್‌ಬಾಲ್ ತಂಡಕ್ಕೆ ಕೋಚ್ ಬೇಕು ಎಂದು ಸಭೆ ಸೇರಿದರೆ ಕಾಫಿ ಬರುವ ಮೊದಲೇ ಹೆಸರುಗಳು ಬರುತ್ತವೆ. ಒಬ್ಬರು ಸುಂಟಿಕೊಪ್ಪದವರನ್ನು ಹೇಳುತ್ತಾರೆ, ಇನ್ನೊಬ್ಬರು ವಿರಾಜಪೇಟೆಯವರನ್ನು, ಮತ್ತೊಬ್ಬರು ಬೆಂಗಳೂರಿನಿಂದ ಕರೆಸೋಣ ಎನ್ನುತ್ತಾರೆ. ಅದಕ್ಕೇ ನಮ್ಮಲ್ಲಿ ಮೊದಲ ಸಭೆಗೆ ಯಾರೂ ಹೆಸರು ತರುವಂತಿಲ್ಲ. ಆ ದಿನದ ಕೆಲಸ ಒಂದೇ: ಆಟಗಾರರು ಕೋಚ್ ಕೈಗೆ ಎಷ್ಟು ಗಂಟೆ ಸಿಗುತ್ತಾರೆ ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸುವುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನೀರು. ನವೆಂಬರ್ ಕೊನೆಗೆ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು. ಫೆಬ್ರವರಿ ಕಳೆಯುವವರೆಗೆ ತೋಟದ ಹುಡುಗರಿಗೆ ರೈಟರ್ (ತೋಟದ ಕೆಲಸದ ಲೆಕ್ಕ ನೋಡುವವರು) ರಜೆ ಕೊಡುವುದಿಲ್ಲ, ನಾವು ಕೇಳುವುದೂ ನ್ಯಾಯವಲ್ಲ. ಏಪ್ರಿಲ್ ಬಂತೆಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ ಹಬ್ಬ ಈಗ 300 ದಾಟಿದೆ, ನಮ್ಮ ಫುಟ್‌ಬಾಲ್ ಹುಡುಗರಲ್ಲಿ ಕೆಲವರು ಆಗ ತಮ್ಮ ಒಕ್ಕದ (ಮನೆತನದ) ಜೆರ್ಸಿಯಲ್ಲಿರುತ್ತಾರೆ. ಅದಕ್ಕೇ ನಾವು ಮಾರ್ಚ್ ಹಿಡಿಯುತ್ತೇವೆ. ಅದರಲ್ಲಿ ಹನ್ನೆರಡು ದಿನದ ಕ್ಯಾಂಪ್. ಕಾಫಿ ಹೂ ಅರಳಿಸುವ ಹೂಮಳೆಗೆ ಒಂದು ದಿನ, ಪ್ರಯಾಣಕ್ಕೆ ಒಂದು ದಿನ ಬಿಟ್ಟರೆ ಹತ್ತು. ಬೆಳಿಗ್ಗೆ 6.30ರಿಂದ 8, ಸಂಜೆ 4.30ರಿಂದ 6. ಒಟ್ಟು ಮೂವತ್ತು ಗಂಟೆ.

ಮೂವತ್ತು ಗಂಟೆಯಲ್ಲಿ ಯಾರಿಗೂ ಚೆಂಡು ಹಿಡಿತಕ್ಕೆ ತರುವುದನ್ನು ಕಲಿಸಲಾಗದು. ಡಿಫೆನ್ಸ್ ಸಾಲು ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬರುವುದನ್ನು ಕೂರಿಸಬಹುದು, ಕಾರ್ನರ್ ಮತ್ತು ಫ್ರೀಕಿಕ್‌ನಲ್ಲಿ ಯಾರು ಯಾರನ್ನು ಹಿಡಿಯಬೇಕು ಎಂದು ತೀರ್ಮಾನಿಸಬಹುದು, ಚೆಂಡು ಕಳೆದುಕೊಂಡ ತಕ್ಷಣ ಏನು ಮಾಡಬೇಕು ಎಂಬುದನ್ನು ರೂಢಿಗೆ ತರಬಹುದು. ಅಷ್ಟೇ. ಹಾಗಾಗಿ ನಮಗೆ ಬೇಕಾದವರು ಹುಡುಗರನ್ನು ವರ್ಷಗಟ್ಟಲೆ ಬೆಳೆಸುವವರಲ್ಲ. ಸರಿಯಾದ ಇಪ್ಪತ್ತು ಜನರನ್ನು ಆರಿಸಿ, ಕಡಿಮೆ ಮಾತಿನಲ್ಲಿ ಹೊಂದಿಸುವವರು. ಕ್ಲಬ್ ಕೋಚ್ ಮತ್ತು ಆಯ್ದ ತಂಡದ ಕೋಚ್ ಎರಡು ಬೇರೆ ಕಸುಬು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ.

ದೇಶದ ತಂಡದ ಕಷ್ಟವೂ ಇದೇ. ದೊಡ್ಡ ಟೂರ್ನಿಗಳನ್ನು ಬಿಟ್ಟರೆ, ಫಿಫಾ ನಿಗದಿ ಮಾಡಿದ ಕೆಲವೇ ದಿನಗಳ ಅವಧಿಯಲ್ಲಷ್ಟೇ ಕ್ಲಬ್‌ಗಳು ಆಟಗಾರರನ್ನು ಬಿಡಲೇಬೇಕು. 2024–25ರಲ್ಲಿ ಕೋಚ್ ಮನೋಲೋ ಮಾರ್ಕೆಜ್ ಎಫ್‌ಸಿ ಗೋವಾ ಕ್ಲಬ್ ಮತ್ತು ಭಾರತ ತಂಡ ಎರಡನ್ನೂ ನೋಡಿಕೊಂಡರು. ಗೋವಾ ಸೂಪರ್ ಕಪ್ ಗೆದ್ದಿತು. ಭಾರತ ಅವರ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು. ವ್ಯಕ್ತಿ ಅವರೇ, ವರ್ಷವೂ ಅದೇ. ಕೈಗೆ ಸಿಕ್ಕ ದಿನಗಳು ಬೇರೆ. ಸೋಲಿಗೆ ಬೇರೆ ಕಾರಣಗಳೂ ಇದ್ದವು ನಿಜ, ಆದರೆ ಕ್ಲಬ್ಬಿನ ಕಪ್ ನೋಡಿ ಆಯ್ದ ತಂಡಕ್ಕೆ ಕೋಚ್ ತರುವವರು ಈ ಉದಾಹರಣೆಯನ್ನು ಒಮ್ಮೆ ನೆನೆಯಬೇಕು.

ಅರ್ಜಿ ಒಂದೇ ಪುಟ. ಲೈಸೆನ್ಸ್ ಪ್ರತಿ, ಹಿಂದಿನ ಮೂರು ಸೀಸನ್‌ನ ತಂಡಗಳು, ಆ ತಂಡಗಳ ಇಬ್ಬರು ಆಟಗಾರರ ಫೋನ್ ನಂಬರ್, ಮಾರ್ಚ್‌ನ ಹನ್ನೆರಡು ದಿನ ಖಾಲಿ ಎಂಬ ಸಹಿ. ಹಿರಿಯರ ತಂಡಕ್ಕೆ ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಕೊಡುವ ‘ಸಿ’ ದರ್ಜೆಯ ಕೋಚಿಂಗ್ ಲೈಸೆನ್ಸ್ ಇರಲೇಬೇಕು ಎಂದಿಟ್ಟಿದ್ದೇವೆ. ಅದು ಬಾಗಿಲು ದಾಟಲು ಮಾತ್ರ, ಅದಕ್ಕೆ ಅಂಕವಿಲ್ಲ. ದಿನಾಂಕದ ವಿಷಯದಲ್ಲಿ ‘ನೋಡೋಣ ಸಾರ್’ ಎಂದವರ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ದೇಶದ ತಂಡಕ್ಕೆ 2025ರಲ್ಲಿ 170 ಅರ್ಜಿ ಬಂದು, ಕೊನೆಗೆ ಮೂರು ಹೆಸರು ಉಳಿದು, ಖಾಲಿದ್ ಜಮೀಲ್ ಆಯ್ಕೆಯಾದರು. ನಮಗೆ ಬರುವುದು ಎಂಟೋ ಹತ್ತೋ. ಆದರೂ ಮೂರಕ್ಕೆ ಇಳಿಸದೆ ಮುಂದೆ ಹೋಗಬಾರದು, ಏಕೆಂದರೆ ಮುಂದಿನ ಹಂತಕ್ಕೆ ಒಬ್ಬೊಬ್ಬರಿಗೂ ಒಂದೊಂದು ಪೂರ್ತಿ ದಿನ ಬೇಕು.

ಕೊಡಗು ಚಿಕ್ಕದು, ಯಾರನ್ನು ಕೇಳಿದರೂ ಎಲ್ಲೋ ಒಂದು ನೆಂಟಸ್ತಿಕೆ ಸಿಗುತ್ತದೆ. ಅಭ್ಯರ್ಥಿ ಆಯ್ಕೆ ಸಮಿತಿಯ ಸದಸ್ಯನ ಒಕ್ಕದವನೋ ಕ್ಲಬ್ಬಿನವನೋ ಆದರೆ ಆ ಸದಸ್ಯ ಅಂಕ ಹಾಕುವುದಿಲ್ಲ. ಐವರಲ್ಲಿ ಇಬ್ಬರು ಹೀಗೆ ಹೊರಗುಳಿಯುವುದು ಸಾಮಾನ್ಯವಾದ್ದರಿಂದ ಹೊರ ಜಿಲ್ಲೆಯ ಒಬ್ಬ ನಿವೃತ್ತ ರೆಫರಿಯನ್ನು ಮೊದಲೇ ಸೇರಿಸಿಕೊಳ್ಳುತ್ತೇವೆ.

ಉಳಿದ ಮೂವರ ಪರೀಕ್ಷೆ ನಡೆಸುವುದು ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣ ಕಳೆದ ಮೇಲೆ. ಮಧ್ಯಾಹ್ನದ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಅದು ಒಳ್ಳೆಯದೇ.

ಬೆಳಿಗ್ಗೆ ಆಯ್ಕೆಯ ಕಣ್ಣನ್ನು ನೋಡುತ್ತೇವೆ. ಎರಡು ಕ್ಲಬ್‌ಗಳ ನಡುವೆ ಪಂದ್ಯ ಇಟ್ಟು, ಅಭ್ಯರ್ಥಿಗೆ ಹೆಸರಿಲ್ಲದೆ ಬರೀ ನಂಬರ್ ಇರುವ ಹಾಳೆ ಕೊಟ್ಟು 45 ನಿಮಿಷ ಕೂರಿಸುವುದು. ಮುಗಿದ ಮೇಲೆ ಆರು ನಂಬರ್ ಬರೆಯಬೇಕು, ಪ್ರತಿಯೊಂದಕ್ಕೂ ಎಲ್ಲಿ ಆಡಿಸುತ್ತೀರಿ ಎಂದು ಒಂದು ಸಾಲು. ಜನ ಚಪ್ಪಾಳೆ ಹೊಡೆದರೂ ತಾವು ತೆಗೆದುಕೊಳ್ಳದ ಒಬ್ಬ ಆಟಗಾರ ಯಾರು, ಏಕೆ ಎಂದೂ ಬರೆಯಬೇಕು. ಆಮೇಲೆ ನಾವು ಕೇಳುವ ಪ್ರಶ್ನೆ: ಚೆಂಡು ಬಲಗಡೆ ಇದ್ದಾಗ ಈ ತಂಡದ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಎಲ್ಲಿ ನಿಂತಿದ್ದ? ಚೆಂಡಿನ ಹಿಂದೆಯೇ ಕಣ್ಣು ಓಡಿಸಿದವರಿಗೆ ಉತ್ತರ ಗೊತ್ತಿರುವುದಿಲ್ಲ. ಗೊತ್ತಿದ್ದವರು ಲೈನಿಗೆ ಅಂಟಿಕೊಂಡಿದ್ದನೋ, ಒಳಗೆ ಬಂದು ಸೆಂಟರ್ ಬ್ಯಾಕ್ ಪಕ್ಕ ಸೇರಿಕೊಂಡಿದ್ದನೋ ಎಂದು ಕೈ ತೋರಿಸಿ ಹೇಳುತ್ತಾರೆ. ಇದಕ್ಕೆ 30 ಅಂಕ.

ಸಂಜೆ 90 ನಿಮಿಷದ ತರಬೇತಿ. 18 ಆಟಗಾರರು, 14 ಚೆಂಡು, 40 ಕೋನ್, ತಂಡ ಗುರುತಿಸಲು ಜೆರ್ಸಿ ಮೇಲೆ ಹಾಕುವ ಎರಡು ಬಣ್ಣದ ಬಿಬ್. ವಿಷಯ ಅರ್ಧ ಗಂಟೆ ಮೊದಲಷ್ಟೇ ಹೇಳುತ್ತೇವೆ: ‘ಕಾರ್ನರ್ ಎದುರಿಸುವುದು ಮತ್ತು ಅಲ್ಲಿಂದ ಹೊರಬರುವುದು’ ಎಂಬಂಥದ್ದು. 14ರಲ್ಲಿ ಮೂರು ಚೆಂಡಿಗೆ ಬೇಕೆಂದೇ ಗಾಳಿ ಕಡಿಮೆ ಬಿಟ್ಟಿರುತ್ತೇವೆ. ಹೆಬ್ಬೆರಳಲ್ಲಿ ಒಂದೊಂದನ್ನೂ ಒತ್ತಿ ನೋಡಿ ಪಂಪ್ ಕೇಳುವವರು ಮೈದಾನವನ್ನೂ ನೋಡಿಕೊಂಡಿರುತ್ತಾರೆ.

ಸಮಿತಿಯವರೆಲ್ಲ ಪೆವಿಲಿಯನ್‌ನಲ್ಲಿ ಕೂತು ಒಟ್ಟಾರೆ ನೋಡಿದರೆ ಪ್ರಯೋಜನವಿಲ್ಲ, ಎಲ್ಲರ ಕಣ್ಣೂ ಚೆನ್ನಾಗಿ ಆಡುವ ಇಬ್ಬರ ಮೇಲೇ ಹೋಗುತ್ತದೆ. ಒಬ್ಬರು ಸ್ಟಾಪ್‌ವಾಚ್ ಹಿಡಿದು ಒಬ್ಬನೇ ಆಟಗಾರನನ್ನು ಹಿಂಬಾಲಿಸಬೇಕು, ಅದೂ ಮೀಸಲು ಆಟಗಾರನನ್ನು. ಅವನು ನಿಂತೇ ಇದ್ದ ಹೊತ್ತನ್ನು ಅಳೆಯುವುದು. ಲೆಕ್ಕ ಸರಳ: ಒಂಬತ್ತು ಜನರ ಎರಡು ಸಾಲು, ಒಬ್ಬನ ಸರದಿಗೆ 20 ಸೆಕೆಂಡ್ ಎಂದರೆ ಮೂರು ನಿಮಿಷಕ್ಕೊಮ್ಮೆ ಅವನಿಗೆ ಚೆಂಡು. 20 ನಿಮಿಷದಲ್ಲಿ ಆರೋ ಏಳೋ ಸಲ. ಮೂವತ್ತು ಗಂಟೆ ಮಾತ್ರ ಇರುವಾಗ ಸಾಲಲ್ಲಿ ನಿಲ್ಲಿಸುವ ಕೋಚ್ ನಮಗೆ ಆಗುವುದಿಲ್ಲ. ಇನ್ನೊಬ್ಬರು ಕೋಚ್ ಆಟ ನಿಲ್ಲಿಸಿ ಮಾತಾಡಿದ ಹೊತ್ತನ್ನು ಬರೆದುಕೊಳ್ಳುತ್ತಾರೆ. ಒಂದು ಸಲಕ್ಕೆ 40 ಸೆಕೆಂಡ್ ದಾಟಿದರೆ ಹಿಂದಿನ ಸಾಲಿನ ಹುಡುಗರು ಕೇಳುವುದನ್ನು ಬಿಟ್ಟಿರುತ್ತಾರೆ. ನಮ್ಮ ಮೈದಾನದಲ್ಲಿ ಕನ್ನಡ, ಮಲಯಾಳ, ತಮಿಳು, ತುಳು, ಕೊಡವ, ಅರೆಭಾಷೆ ಎಲ್ಲವೂ ಇವೆ. ಚಿಕ್ಕ ಮಾತು ಎಲ್ಲರಿಗೂ ದಾಟುತ್ತದೆ, ಭಾಷಣ ಅರ್ಧಕ್ಕೇ ಉಳಿಯುತ್ತದೆ.

ಮಳೆ ಬಂದರೆ ಗೋಲಿನ ಮುಂದೆ ಕೆಂಪು ಕೆಸರು ನಿಂತು, ಉರುಳಿದ ಚೆಂಡು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಕೋನ್‌ಗಳನ್ನು ಎತ್ತರದ ಬದಿಗೆ ಒಯ್ದು, ಆಟ ನಿಲ್ಲಿಸದೆಯೇ ಅಭ್ಯಾಸ ಮುಂದುವರಿಸುವವರಿದ್ದಾರೆ. ನೆಲದ ಪಾಸ್ ಹೋಗದ ಕಡೆ ‘ಮೊದಲು ಎತ್ತಿ ಹೊಡೆ, ಪುಟಿದು ಬಿದ್ದ ಚೆಂಡಿಗೆ ಹೋಗು’ ಎಂದು ಆ ಕ್ಷಣಕ್ಕೇ ವಿಷಯ ತಿರುಗಿಸುವವರಿಗೆ ನಾನು ಕಣ್ಣು ಮುಚ್ಚಿ ಹೆಚ್ಚು ಅಂಕ ಕೊಡುತ್ತೇನೆ. ಪಂದ್ಯದ ದಿನವೂ ಹೂಮಳೆ ಬಂದು ಇದೇ ಕೆಸರಾಗಬಹುದು. ತರಬೇತಿಗೂ 30 ಅಂಕ.

ಪಂದ್ಯದ ತೀರ್ಮಾನಗಳಿಗೆ 20. ಒಂದು ಗೋಲಿನಿಂದ ಮುಂದಿದ್ದೀರಿ, 60ನೇ ನಿಮಿಷಕ್ಕೆ ಒಬ್ಬನಿಗೆ ಕೆಂಪು ಕಾರ್ಡ್, ಬೆಂಚಿನಲ್ಲಿ ಇಂಥವರಿದ್ದಾರೆ ಎಂದು ಹೇಳಿ ಎರಡು ನಿಮಿಷ ಕೊಡುತ್ತೇವೆ. ಯಾರನ್ನು ಇಳಿಸಿದರು ಎನ್ನುವುದಕ್ಕಿಂತ ಹೊರಬರುವವನಿಗೆ ಏನು ಹೇಳುತ್ತಾರೆ ಎಂಬುದನ್ನು ಕೇಳಬೇಕು. ಫೋನ್ ವಿಚಾರಣೆಗೆ ಉಳಿದ 20. ‘ಹೇಗಿದ್ದಾರೆ?’ ಎಂದು ಕೇಳಿದರೆ ಎಲ್ಲರೂ ‘ಒಳ್ಳೆಯವರು’ ಎನ್ನುತ್ತಾರೆ. ಅವರು ತಂಡದಿಂದ ಕೈಬಿಟ್ಟ ಆಟಗಾರ ಯಾರು ಎಂದು ಕೇಳಿ, ಅವನಿಗೇ ಫೋನ್ ಮಾಡಿ: ಕೈಬಿಟ್ಟದ್ದನ್ನು ನಿನಗೆ ಯಾರು, ಯಾವಾಗ ಹೇಳಿದರು? ಪಟ್ಟಿ ನೋಡಿ ಗೊತ್ತಾಯಿತು ಎಂದರೆ ಕಡಿಮೆ ಅಂಕ, ಕೋಚೇ ಕರೆದು ಹೇಳಿದರು ಎಂದರೆ ಹೆಚ್ಚು.

ಅಂಕವನ್ನು ಚರ್ಚೆಗೆ ಮೊದಲೇ ಚೀಟಿಯಲ್ಲಿ ಬರೆದು ಮಡಿಸಿ ಇಡಬೇಕು. ಚರ್ಚೆಯಾದ ಮೇಲೆ ಬರೆದರೆ ಹಿರಿಯರ ಅಂಕವನ್ನೇ ಎಲ್ಲರೂ ಬರೆಯುತ್ತಾರೆ.

ಒಪ್ಪಂದವನ್ನು ಹಗುರವಾಗಿ ನೋಡಬೇಡಿ. ಭಾರತ ತಂಡದ ಕೋಚ್ ಆಗಿದ್ದ ಇಗೋರ್ ಸ್ಟಿಮಾಚ್ ಅವರ ಒಪ್ಪಂದವನ್ನು 2023ರ ಅಕ್ಟೋಬರ್‌ನಲ್ಲಿ 2026ರವರೆಗೆ ಮುಂದುವರಿಸಿದರು. 2024ರ ಜೂನ್‌ನಲ್ಲಿ ತೆಗೆದುಹಾಕಿದಾಗ ಜಗಳವಾಗಿ, ಕೊನೆಗೆ ಸುಮಾರು 4 ಲಕ್ಷ ಡಾಲರ್ ಕೊಟ್ಟು ಮುಗಿಸಬೇಕಾಯಿತು. ನಮ್ಮದು ಎರಡು ಪುಟ: ಅವಧಿ ಒಂದೇ ಟೂರ್ನಿ, ಹಣ ಮೂರು ಕಂತಿನಲ್ಲಿ, ನಡುವೆ ಬಿಟ್ಟರೆ ಅಥವಾ ಬಿಡಿಸಿದರೆ ದುಡಿದ ದಿನಗಳ ಲೆಕ್ಕ. ಇಪ್ಪತ್ತು ಹೆಸರಿನ ಕೊನೆಯ ಪಟ್ಟಿ ಕೋಚಿನದ್ದು, ಯಾರು ಯಾವ ದಿನ ಸಿಗುತ್ತಾರೆ ಎಂಬ ಮಾಹಿತಿ ಮಾತ್ರ ಸಮಿತಿಯದ್ದು ಎಂಬ ಸಾಲಿಗೆ ಐವರೂ ಸಹಿ ಹಾಕುತ್ತಾರೆ. ಈ ಸಾಲಿಲ್ಲದಿದ್ದರೆ ಕ್ಯಾಂಪಿನ ಎರಡನೇ ದಿನವೇ ಕ್ಲಬ್‌ಗಳ ಫೋನ್ ಶುರುವಾಗುತ್ತದೆ.

ಎರಡನೇ ಸ್ಥಾನದಲ್ಲಿ ಬಂದವರಿಗೆ ಅದೇ ಸಂಜೆ ಫೋನ್ ಮಾಡಿ ವಿಷಯ ತಿಳಿಸಿ, ಮಾರ್ಚ್ ದಿನಾಂಕಗಳನ್ನು ಫೆಬ್ರವರಿ 15ರವರೆಗೆ ಖಾಲಿ ಇಡಲು ಸಾಧ್ಯವೇ ಎಂದು ಕೇಳಿಕೊಳ್ಳುತ್ತೇವೆ. ಆಯ್ಕೆಯಾದವರ ಕೈಗೆ ಮರುದಿನವೇ ಒಂದು ಹಾಳೆ: 40 ಆಟಗಾರರ ಹೆಸರು, ಆಡುವ ಜಾಗ, ಹಳೆಯ ಗಾಯ, ಕೆಲಸದ ಹೊತ್ತು, ಮತ್ತು ರಜೆ ಕೇಳಬೇಕಾದ ರೈಟರ್‌ನ ಫೋನ್ ನಂಬರ್.