ಕಾಮಾ ಸಾಲಿನ ಮುಂದಿರಲಿ: ಕ್ವೆರಿ ಫಾರ್ಮ್ಯಾಟ್ ನಿಮಗೆ ಬೇಕಾದ ಹಾಗೆ

ಹುಬ್ಬಳ್ಳಿಯಲ್ಲಿ ಕೂತು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ದಿನದ ರಿಪೋರ್ಟ್ ಮಾಡಿಕೊಡುತ್ತಿದ್ದೆ. ಒಂದು ಸಂಜೆ ಅವರ ಫೋನ್ ಬಂತು. ‘ಏನ್ರಿ ಇದು, ಡಬ್ಬಿ ದರ 36 ಅಂತ ಬಂದೈತಲ್ಲ?’ ಡಬ್ಬಿ ಅಂದರೆ ಮೆಣಸಿನಕಾಯಿಯ ಒಂದು ತಳಿ. ಕ್ವಿಂಟಲ್‌ಗೆ ಸಾವಿರಗಟ್ಟಲೆ ಇರಬೇಕಾದ ದರ ಅದು. ಗಾಬರಿಯಲ್ಲಿ ಕ್ವೆರಿ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳಲು ಎಸ್‌ಕ್ಯುಎಲ್ ಭಾಷೆಯಲ್ಲಿ ಬರೆದ ಸಾಲು, ತೆಗೆದು ನೋಡಿದೆ. ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ:

ಸೆಲೆಕ್ಟ್ ಲಾಟ್, ತಳಿ, ಚೀಲ ದರ ಫ್ರಮ್ ಆವಕ;

‘ಚೀಲ’ ಆದಮೇಲೆ ಕಾಮಾ ಬಿಟ್ಟುಹೋಗಿದೆ. ಡೇಟಾಬೇಸ್ ಇದನ್ನು ತಪ್ಪು ಅನ್ನುವುದಿಲ್ಲ. ಚೀಲದ ಕಾಲಂಗೆ ‘ದರ’ ಅಂತ ಹೆಸರಿಟ್ಟು ತೋರಿಸು ಎಂದು ತಿಳಿಯುತ್ತದೆ. ಆ 36 ಚೀಲದ ಲೆಕ್ಕ!

ಅವತ್ತಿನಿಂದ ಫಾರ್ಮ್ಯಾಟ್ ಮಾಡದೆ, ಅಂದರೆ ಸಾಲುಗಳನ್ನು ಅಚ್ಚುಕಟ್ಟಾಗಿ ಜೋಡಿಸದೆ, ಒಂದು ಕ್ವೆರಿಯನ್ನೂ ಓಡಿಸಿಲ್ಲ. ಕ್ವೆರಿ ಬರೆದು ಓಡಿಸಲು ಉಚಿತವಾಗಿ ಸಿಗುವ ಡಿಬೀವರ್ ಎಂಬ ತಂತ್ರಾಂಶ ಬಳಸುವವರಾದರೆ ಹೀಗೆ ಮಾಡಿ. ವಿಂಡೋ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆಯಿರಿ. ಅಲ್ಲಿಂದ ಎಡಿಟರ್ಸ್, ಎಸ್‌ಕ್ಯುಎಲ್ ಎಡಿಟರ್, ಫಾರ್ಮ್ಯಾಟಿಂಗ್. ‘ಕೀವರ್ಡ್ ಕೇಸ್’ ಅನ್ನುವಲ್ಲಿ ಅಪ್ಪರ್ ಆರಿಸಿ. ಸೆಲೆಕ್ಟ್, ಫ್ರಮ್, ವೇರ್ ಎಲ್ಲ ದೊಡ್ಡಕ್ಷರಕ್ಕೆ ಬರುತ್ತವೆ. ಟೇಬಲ್ ಹೆಸರುಗಳನ್ನು ಮಾತ್ರ ಸುಮ್ನೆ ಬದಲಿಸಬೇಡಿ. ಲಿನಕ್ಸ್ ಮೇಲಿನ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರದ ಹೆಸರೇ ಬೇರೆ, ಸಣ್ಣಕ್ಷರದ ಹೆಸರೇ ಬೇರೆ.

ನನ್ನ ಮಟ್ಟಿಗೆ ಮುಖ್ಯವಾದದ್ದು ಮುಂದಿನ ಆಯ್ಕೆ: ಕಾಮಾಗಿಂತ ಮೊದಲು ಹೊಸ ಸಾಲು. ಅದಕ್ಕೆ ಟಿಕ್ ಹಾಕಿ ಉಳಿಸಿ. ಎಡಿಟರ್‌ಗೆ ಬಂದು ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿ. ನನ್ನ ಕ್ವೆರಿ ಹೆಚ್ಚುಕಡಿಮೆ ಹೀಗಾಗುತ್ತದೆ:

ಸೆಲೆಕ್ಟ್
    ಲಾಟ್
    , ತಳಿ
    , ಚೀಲ ದರ
ಫ್ರಮ್
    ಆವಕ;

ಮೂರನೇ ಕಾಲಂ ನೋಡಿ. ಫಾರ್ಮ್ಯಾಟರ್ ತಪ್ಪು ತಿದ್ದಲಿಲ್ಲ, ಆದರೆ ಒಂದೇ ಸಾಲಲ್ಲಿ ಎರಡು ಹೆಸರು ಕಣ್ಣಿಗೆ ಹೊಡೆಯುತ್ತಿದೆ, ಅಲ್ವಾ? ಸಾಲಿನ ಕೊನೆಯ ಕಾಮಾ ಒಂದೊಂದು ಕಡೆ ಅಡಗಿರುತ್ತದೆ. ಸಾಲಿನ ಮೊದಲಲ್ಲಿಟ್ಟ ಕಾಮಾ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತದೆ. ಇದು ಚೆಂದ ಕಾಣಲ್ಲ ಅನ್ನುವವರಿದ್ದಾರೆ. ನನಗೆ ಚೆಂದಕ್ಕಿಂತ ಸರಿಯಾದ ದರ ಮುಖ್ಯ.

ಸಾಲುಗಳನ್ನು ಕೈಯಿಂದ ಒಂದೇ ಸಾಲಾಗಿ ಸೇರಿಸುವಾಗ ಹುಷಾರು. ಎರಡು ಅಡ್ಡಗೆರೆಯಿಂದ (--) ಶುರುವಾಗುವ ಟಿಪ್ಪಣಿ ನಡುವೆ ಇದ್ದರೆ, ಆ ಸಾಲಿನಲ್ಲಿ ಅದರ ನಂತರ ಬಂದದ್ದೆಲ್ಲ ಟಿಪ್ಪಣಿಯೇ ಆಗಿಬಿಡುತ್ತದೆ.

ನಾಲ್ಕು ಜನ ಸೇರಿ ಕೆಲಸ ಮಾಡುವ ಕಡೆ ಒಬ್ಬೊಬ್ಬರ ಸೆಟ್ಟಿಂಗ್ ಒಂದೊಂದು ಥರ ಇದ್ದರೆ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬರೀ ಗೊಂದಲ. ಅಲ್ಲಿಗೆ ಕ್ವೆರಿಗಳನ್ನು ಒಂದೇ ನಿಯಮದಲ್ಲಿ ಪರೀಕ್ಷಿಸಿ ತಿದ್ದುವ ಎಸ್‌ಕ್ಯುಎಲ್‌ಫ್ಲಫ್ ಎಂಬ ಸಾಧನ ಒಳ್ಳೆಯದು. ಪೈಥಾನ್‌ನ ಪಿಪ್‌ನಿಂದ ಹಾಕಿಕೊಳ್ಳಬಹುದು. ಯಾವ ಡೇಟಾಬೇಸ್, ಕಾಮಾ ಎಲ್ಲಿ, ಸಾಲಿನ ಉದ್ದ ಎಷ್ಟು (ಏನೂ ಹೇಳದಿದ್ದರೆ 80 ಅಕ್ಷರ) ಎಂದು ಪ್ರಾಜೆಕ್ಟ್‌ನ ಒಂದು ಫೈಲಿನಲ್ಲಿ ಬರೆದಿಟ್ಟರೆ ಎಲ್ಲರಿಗೂ ಅದೇ ನಿಯಮ. ‘ಲಿಂಟ್’ ಎಂದರೆ ತಪ್ಪು ತೋರಿಸುತ್ತದೆ, ‘ಫಿಕ್ಸ್’ ಎಂದರೆ ತನ್ನ ಕೈಲಾದದ್ದನ್ನು ತಿದ್ದುತ್ತದೆ. ಹಳೆಯ ಕ್ವೆರಿಗಳನ್ನು ಮೊದಲ ಸಲ ಫಾರ್ಮ್ಯಾಟ್ ಮಾಡಿದಾಗ ಆ ಬದಲಾವಣೆಯನ್ನು ಬೇರೆಯಾಗಿಯೇ ಕಮಿಟ್ ಮಾಡಿ, ಅಂದರೆ ಗಿಟ್‌ನಲ್ಲಿ ದಾಖಲಿಸಿ. ಲೆಕ್ಕ ಬದಲಿಸಿದ್ದು ಯಾವುದು, ಸಾಲು ಮುರಿದದ್ದು ಯಾವುದು ಎಂದು ಆಮೇಲೆ ಹುಡುಕಬೇಕಾಗುವುದಿಲ್ಲ.