ನಲ್ಲಿಯಿಂದ ಗುಡಿಸಲಿನ ಕ್ಯಾನ್‌ವರೆಗೆ: ಮಾಬಾನ್‌ನ ನೀರಿನ ಕೆಲಸ

ಬಾಂಬಿಗೆ ಹೆದರಿ ಊರು ಬಿಟ್ಟು, ವಾರಗಟ್ಟಲೆ ನಡೆದು, ಗಡಿ ದಾಟಿ ಬಂದವರು ಆಮೇಲೆ ಭೇದಿಯಿಂದಲೋ ಕಾಮಾಲೆಯಿಂದಲೋ ಸಾಯುತ್ತಾರೆ. ಈ ಸಾವು ಪೇಪರಿನಲ್ಲಿ ಅಷ್ಟಾಗಿ ಬರುವುದಿಲ್ಲ. ನನ್ನ ಕೆಲಸ ಇದ್ದದ್ದು ಅಲ್ಲಿ. ನಾನು ಸಿವಿಲ್ ಇಂಜಿನಿಯರ್, ಊರು ಗದಗ. 2013ರಲ್ಲಿ ಒಂದು ನೆರವು ಸಂಸ್ಥೆಯ ನೀರಿನ ವಿಭಾಗ ಸೇರಿ ದಕ್ಷಿಣ ಸುಡಾನ್‌ನ ಮಾಬಾನ್‌ಗೆ ಹೋಗಿದ್ದೆ.

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಗಡಿಯ ಆಚೆ, ಸುಡಾನ್‌ನ ಬ್ಲೂ ನೈಲ್ ರಾಜ್ಯದಲ್ಲಿ ಅದೇ ಸೆಪ್ಟೆಂಬರಿನಲ್ಲಿ ಸರ್ಕಾರಕ್ಕೂ ಬಂಡುಕೋರರಿಗೂ ಯುದ್ಧ ಶುರುವಾಯಿತು. ಸರ್ಕಾರದ ಆಂಟೊನೋವ್ ವಿಮಾನಗಳು ಹಳ್ಳಿಗಳ ಮೇಲೆ ಬಾಂಬ್ ಹಾಕಿದವು. ಒಂದು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಮಾಬಾನ್‌ಗೆ ಬಂದರು. ಡೋರೋ, ಜಮಾಮ್, ಬಾಟಿಲ್, ಗೆಂಡ್ರಾಸಾ ಅಂತ ಕ್ಯಾಂಪುಗಳಾದವು. ನಾನು ಹೋದಾಗಲೂ ವಿಮಾನದ ಸದ್ದು ಕೇಳಿದರೆ ಕೆಲವು ಮಕ್ಕಳು ಆಟ ಬಿಟ್ಟು ನೆಲಕ್ಕೆ ಬೀಳುತ್ತಿದ್ದರು. ಬರುತ್ತಿದ್ದದ್ದು ನಮ್ಮ ಸಾಮಾನು ತರುವ ವಿಮಾನವೇ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

ವಿಮಾನದಿಂದ ಇಳಿದು ನೋಡಿದರೆ ಎರೆಮಣ್ಣು. ನನಗೆ ನಗು ಬಂತು. ಗದಗಿನ ಎರೆ ಹೊಲದಲ್ಲಿ ಆಡಿ ಬೆಳೆದವನು, ಅಷ್ಟು ದೂರ ಹೋಗಿ ಅದನ್ನೇ ಮೆಟ್ಟಿದೆ. ರೇಷನ್ನಿನಲ್ಲಿ ಕೊಡುತ್ತಿದ್ದದ್ದೂ ಜೋಳ. ಆದರೆ ಎರೆಯಲ್ಲಿ ಬೇಸಾಯ ಮಾಡುವುದು ಬೇರೆ, ಕ್ಯಾಂಪ್ ಕಟ್ಟುವುದು ಬೇರೆ. ಬೇಸಿಗೆಯಲ್ಲಿ ನೆಲ ಬಿರಿದು ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತದೆ. ಮಳೆ ಬಂದರೆ ನೀರು ಇಂಗುವುದೇ ಇಲ್ಲ. ಟ್ಯಾಂಕರ್ ಹೂತು ಹೋಗುತ್ತದೆ, ಶೌಚದ ಗುಂಡಿ ತುಂಬಿ ಹೊರಗೆ ಹರಿಯುತ್ತದೆ, ಗೋಡೆ ಕುಸಿಯುತ್ತದೆ. ಜಮಾಮ್‌ನಲ್ಲಿ ಬೋರ್‌ವೆಲ್ ಕೊರೆದರೆ ಸಾಕಷ್ಟು ನೀರು ಸಿಗಲಿಲ್ಲ, ಮಳೆಗಾಲದಲ್ಲಿ ಜಾಗವೇ ಕೆರೆಯಾಯಿತು. ಕೊನೆಗೆ ಅಲ್ಲಿಯ ಜನರನ್ನು ಕಾಯಾ ಅನ್ನುವ ಹೊಸ ಕ್ಯಾಂಪಿಗೆ ಸಾಗಿಸಬೇಕಾಯಿತು. ಯುದ್ಧದಿಂದ ಒಮ್ಮೆ ಎದ್ದು ಬಂದವರು, ನೀರಿನಿಂದಾಗಿ ಇನ್ನೊಮ್ಮೆ ಗಂಟುಮೂಟೆ ಕಟ್ಟಿದರು.

ನೆರವಿನ ಕೆಲಸಕ್ಕೆ ಒಂದಿಷ್ಟು ಲೆಕ್ಕಗಳಿವೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ. ಮನೆಯಿಂದ ನಲ್ಲಿಗೆ 500 ಮೀಟರಿಗಿಂತ ಜಾಸ್ತಿ ದೂರ ಇರಬಾರದು. ಅರ್ಧ ಗಂಟೆಗಿಂತ ಜಾಸ್ತಿ ಪಾಳಿ ಕಾಯಿಸಬಾರದು. ನಲ್ಲಿಯ ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದಿರಬೇಕು. ಹೊಸದಾಗಿ ಹೋದಾಗ ಇವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ನಾಲ್ಕು ಲೆಕ್ಕಗಳ ಬಗ್ಗೆ ನನ್ನ ತಕರಾರಿಲ್ಲ. ಕೊನೆಯದರ ಬಗ್ಗೆಯೇ ಈ ಬರಹ.

ಕ್ಲೋರಿನ್ ಹಾಕುವ ಕ್ರಮ ಹೀಗೆ. ನಮ್ಮ ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ 30ರ ಆಸುಪಾಸು ಇರುತ್ತದೆ. ಅಲ್ಲಿ ಬಳಸುವುದು ಎಚ್.ಟಿ.ಎಚ್. ಅನ್ನುವ ಹರಳು, ಅದರಲ್ಲಿ ಶೇ 65–70. ಲೀಟರಿಗೆ 15 ಗ್ರಾಂ ಕದಡಿದರೆ ಶೇ 1ರ ದ್ರಾವಣ. ನಾಲ್ಕು ಬಕೆಟ್‌ಗಳಲ್ಲಿ 20 ಲೀಟರಿನಂತೆ ನೀರು ಹಿಡಿದು, ಒಂದೊಂದಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ದ್ರಾವಣ ಹಾಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಪುಟ್ಟ ಪೆಟ್ಟಿಗೆಯಂಥ ಟೆಸ್ಟರಿನಲ್ಲಿ ನೀರು ತುಂಬಿ ಡಿ.ಪಿ.ಡಿ. ಮಾತ್ರೆ ಪುಡಿ ಮಾಡಿ ಹಾಕಿದರೆ, ಕ್ಲೋರಿನ್ ಉಳಿದಿದ್ದಷ್ಟು ಗುಲಾಬಿ ಬಣ್ಣ ಬರುತ್ತದೆ. ಯಾವ ಬಕೆಟ್ಟಿನಲ್ಲಿ ಬೇಕಾದಷ್ಟು ಉಳಿದಿದೆಯೋ ಆ ಲೆಕ್ಕದಲ್ಲಿ ದೊಡ್ಡ ಟ್ಯಾಂಕಿಗೆ ಹಾಕುವುದು. ಕೆರೆಯಿಂದ ಎತ್ತಿದ ರಾಡಿ ನೀರಾದರೆ ಮೊದಲು ಪಟಿಕ ಹಾಕಿ ತಿಳಿಯಾಗಿಸಬೇಕು. ಇಲ್ಲದಿದ್ದರೆ ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ.

ದಿನಾ ಬೆಳಿಗ್ಗೆ ನಲ್ಲಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದೆವು. 0.4, 0.5. ಪುಸ್ತಕದಲ್ಲಿ ಎಲ್ಲ ಸರಿ. ಆದರೂ ಕ್ಯಾಂಪಿನಲ್ಲಿ ಹೆಪಟೈಟಿಸ್ ಇ ಇತ್ತು. 2012ರ ಮಳೆಗಾಲದಲ್ಲಿ ಕಾಣಿಸಿಕೊಂಡದ್ದು, ಸಾವಿರಾರು ಜನಕ್ಕೆ ಹರಡಿತ್ತು. ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಹೋಗುವ ಕಾಮಾಲೆ ಇದು. ಹೆಚ್ಚಿನವರು ನರಳಿ ಎದ್ದುಕೊಳ್ಳುತ್ತಾರೆ. ತುಂಬು ಬಸುರಿಯರಿಗೆ ಮಾತ್ರ ಯಮ. ಸೋಂಕು ತಗುಲಿದವರಲ್ಲಿ ಐದಕ್ಕೆ ಒಬ್ಬರು, ನಾಲ್ಕಕ್ಕೆ ಒಬ್ಬರು ಹೋಗಿಬಿಡಬಹುದು. ಅದಕ್ಕೆ ಅಂತ ಬೇರೆ ಔಷಧಿ ಇಲ್ಲ. ನೀರಿನವರಿಗೆ ಇದರಲ್ಲಿ ಇನ್ನೊಂದು ಕಷ್ಟ ಇದೆ. ಒಳಗೆ ಹೋದ ಸೋಂಕು ಹೊರಗೆ ಕಾಣುವುದಕ್ಕೆ 2ರಿಂದ 10 ವಾರ ಬೇಕು. ಇವತ್ತು ಕಣ್ಣು ಹಳದಿಯಾದವರು ಯಾವತ್ತೋ ಕುಡಿದ ನೀರಿನ ಫಲ ಅನುಭವಿಸುತ್ತಿರುತ್ತಾರೆ. ನೀವು ಇವತ್ತು ಸರಿ ಮಾಡಿದ್ದು ಸರಿಯೋ ಅಲ್ಲವೋ ಅಂತ ತಿಳಿಯಲು ಎರಡು ತಿಂಗಳು ಕಾಯಬೇಕು.

ಹಾಗಾಗಿ ನಲ್ಲಿ ಬಿಟ್ಟು ಕ್ಯಾನ್ ಹಿಂದೆ ಹೋದೆವು. ನಲ್ಲಿಯಲ್ಲಿ ನೀರು ಹಿಡಿಯುವ ಹೆಂಗಸರನ್ನು ಕೇಳಿ, ಒಪ್ಪಿದವರ ಜೊತೆ ಮನೆವರೆಗೆ ನಡೆಯುವುದು. ಮುಟ್ಟಿದ ತಕ್ಷಣ ಒಂದು ಸಲ ಪರೀಕ್ಷೆ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಬಾಟಿಲ್‌ನಲ್ಲಿ ಒಬ್ಬ ತಾಯಿ ತಲೆ ಮೇಲೆ ಅಗಲ ಬಾಯಿಯ ಬಕೆಟ್ ಹೊತ್ತು, ನೀರು ತುಳುಕಬಾರದು ಅಂತ ಮೇಲೆ ಎಲೆಯ ಕೊಂಬೆ ಹಾಕಿದ್ದರು. ಒಂದು ತೊಟ್ಟು ಚೆಲ್ಲಲಿಲ್ಲ. ಎಲೆ ಮಾತ್ರ ದಾರಿಯುದ್ದಕ್ಕೂ ಕ್ಲೋರಿನ್ ಹೀರಿಕೊಂಡಿತ್ತು. ಗುಡಿಸಲಿನಲ್ಲಿ ಅದನ್ನು ಒಂದು ಹಳೆಯ ಜೆರಿಕ್ಯಾನಿಗೆ ಸುರಿದರು. ನಾನು ಟಾರ್ಚ್ ಹಾಕಿ ಒಳಗೆ ನೋಡಿದೆ. ತಳದಲ್ಲಿ ಹಸಿರು ಲೋಳೆ. ಪಕ್ಕದಲ್ಲಿ ಮುಚ್ಚಳವಿಲ್ಲದ ಮಡಕೆ, ಅದರಲ್ಲೊಂದು ಡಬ್ಬಿ. ಬಂದ ಮಕ್ಕಳೆಲ್ಲ ಅದರಲ್ಲೇ ಕೈ ಅದ್ದಿ ಮೊಗೆದು ಕುಡಿಯುತ್ತಿದ್ದರು. ನಲವತ್ತು ಡಿಗ್ರಿ ಬಿಸಿಲು. ಮಧ್ಯಾಹ್ನ ಮಾತ್ರೆ ಹಾಕಿದರೆ ನೀರಿಗೆ ಗುಲಾಬಿ ಬಣ್ಣ ಬರಲೇ ಇಲ್ಲ. ಒಂದು ಮನೆಯಲ್ಲಿ ಹೀಗಾದರೆ ಬಿಡಬಹುದಿತ್ತು. ಸಾಲು ಸಾಲು ಗುಡಿಸಲುಗಳಲ್ಲಿ ಅದೇ ಕತೆ.

ಅದೇ ಹೊತ್ತಿಗೆ ಅಲ್ಲಿಯ ಕ್ಯಾಂಪುಗಳಲ್ಲಿ ಸಂಶೋಧಕರು ಇದನ್ನೇ ಕ್ರಮಬದ್ಧವಾಗಿ ಅಳೆಯುತ್ತಿದ್ದರು. ಅವರ ಅಧ್ಯಯನ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ನಲ್ಲಿಯಲ್ಲಿ 1 ಮಿಲಿಗ್ರಾಂ ಇಟ್ಟರೆ ಹತ್ತು ಗಂಟೆ ಕಳೆದ ಮೇಲೂ ಮನೆಯಲ್ಲಿ 0.2 ಉಳಿಯುತ್ತದೆ ಅನ್ನುವುದು ಅದರ ಸಾರ. ನಲ್ಲಿಯ ಹಳೆಯ ಲೆಕ್ಕ ಪೇಟೆಯ ಪೈಪ್‌ಲೈನಿಗೆ ಸರಿ. ಅಲ್ಲಿ ನಲ್ಲಿ ಬಿಟ್ಟು ಲೋಟ ಹಿಡಿದರೆ ಮುಗಿಯಿತು. ಕ್ಯಾಂಪಿನಲ್ಲಿ ನೀರಿನ ಅರ್ಧ ಪಯಣ ಶುರುವಾಗುವುದೇ ನಲ್ಲಿ ದಾಟಿದ ಮೇಲೆ. ಇದನ್ನು ಗದಗಿನವನಿಗೆ ಯಾರೂ ಹೇಳಬೇಕಿಲ್ಲ, ವಾರಗಟ್ಟಲೆ ಬ್ಯಾರಲ್‌ನಲ್ಲಿ ನೀರು ತುಂಬಿಟ್ಟುಕೊಂಡ ಊರು ನಮ್ಮದು.

ಹಾಗಂತ ಒಂದೇ ದಿನ ಡೋಸ್ ಏರಿಸಲು ಆಗುವುದಿಲ್ಲ. ವಾಸನೆ ಬಂದರೆ ಜನ ನಲ್ಲಿ ಬಿಟ್ಟು ಹಳ್ಳದ ನೀರಿಗೆ ಹೋಗುತ್ತಾರೆ, ಆಗ ಎಲ್ಲ ಕೆಟ್ಟಿತು. ಒಬ್ಬ ಅಜ್ಜಿ ದುಭಾಷಿಯನ್ನು ಬದಿಗೆ ಸರಿಸಿ ನೇರ ನನಗೇ ಬೈದರು. “ಯಾ ಮುಹಂದಿಸ್, ಆಸ್ಪತ್ರೆ ತೊಳೆದ ನೀರು ಕುಡಿಸ್ತೀಯಾ?” ಮುಹಂದಿಸ್ ಅಂದರೆ ಇಂಜಿನಿಯರ್. ಈ ನೀರು ಕುಡಿದರೆ ಮಕ್ಕಳಾಗುವುದಿಲ್ಲ ಅನ್ನುವ ಸುದ್ದಿಯೂ ಓಡಾಡುತ್ತಿತ್ತು. ನಾವು ಸ್ವಲ್ಪ ಸ್ವಲ್ಪವಾಗಿ ಏರಿಸಿದೆವು. ಪ್ರತಿ ಸಲವೂ ನಲ್ಲಿಯ ಹತ್ತಿರ ನಿಂತು ಅವರೆದುರೇ ಕುಡಿದೆವು. ನೀರು ಹಿಡಿದ ತಕ್ಷಣ ಕುಡಿಯದೆ ಸ್ವಲ್ಪ ಹೊತ್ತು ಇಟ್ಟರೆ ವಾಸನೆ ಇಳಿಯುತ್ತದೆ ಅಂತ ಹೇಳಿಕೊಟ್ಟೆವು. ಅಜ್ಜಿ ಆಮೇಲೂ ಬೈಯುತ್ತಲೇ ಇದ್ದರು, ನೀರು ಮಾತ್ರ ಅಲ್ಲಿಂದಲೇ ಒಯ್ದರು.

ಕ್ಯಾನ್ ತೊಳೆಯುವುದು ಇದಕ್ಕಿಂತ ಸುಲಭವಾಯಿತು, ಯಾಕೆಂದರೆ ಅದು ಮಕ್ಕಳ ಕೈಗೆ ಹೋಯಿತು. ಒಂದು ಹಿಡಿ ಸಣ್ಣ ಹರಳುಕಲ್ಲು, ಸ್ವಲ್ಪ ಗಟ್ಟಿ ಕ್ಲೋರಿನ್ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕುವುದು. ಲೋಳೆ ಚೂರು ಚೂರಾಗಿ ಬರುತ್ತದೆ. ಹುಡುಗರು ಕುಲುಕುತ್ತಾ ಹಾಡು ಕಟ್ಟಿದರು. ಆ ಹಾಡಿನಲ್ಲಿ ನಮ್ಮ ಬಗ್ಗೆ ಏನಿತ್ತು ಅಂತ ದುಭಾಷಿ ಹೇಳಲೇ ಇಲ್ಲ, ನಗುತ್ತಿದ್ದ. ಮುಚ್ಚಳವಿಲ್ಲದ ಕ್ಯಾನ್ ತಂದವರಿಗೆ ಹೊಸದು ಕೊಡಿಸಬೇಕು ಅಂತ ನಾನು ಮೀಟಿಂಗಿನಲ್ಲಿ ಕೂತು ಜಗಳವಾಡಿದ್ದುಂಟು. ಪಂಪಿಗೆ ದುಡ್ಡು ಬೇಗ ಸಿಗುತ್ತದೆ, ಪಂಪಿನ ಮುಂದೆ ಫೋಟೋ ಚೆಂದ ಬರುತ್ತದೆ. ಮುಚ್ಚಳಕ್ಕೆ ಯಾರು ಫೋಟೋ ತೆಗೀತಾರೆ?

ಕೆಲಸದ ಮುಕ್ಕಾಲು ಪಾಲು ಮಾಡಿದ್ದು ಕ್ಯಾಂಪಿನವರೇ. ಪಂಪ್ ಓಡಿಸುವವರು, ಟೆಸ್ಟರ್ ಹಿಡಿದು ಮನೆಮನೆ ತಿರುಗುವವರು, ಶೌಚಾಲಯದ ಗುಂಡಿ ಎತ್ತರಿಸಿ ಕಟ್ಟುವವರು. ನಾವು ವಿದೇಶಿಯರು ಪರಿಸ್ಥಿತಿ ಕೆಟ್ಟರೆ ವಿಮಾನ ಹತ್ತುತ್ತೇವೆ, ಅವರಿಗೆ ಆ ದಾರಿ ಇಲ್ಲ. 2013ರ ಡಿಸೆಂಬರಿನಲ್ಲಿ ದಕ್ಷಿಣ ಸುಡಾನ್‌ನಲ್ಲೇ ಅಂತರ್ಯುದ್ಧ ಹತ್ತಿತು. 2014ರ ಆಗಸ್ಟ್‌ನಲ್ಲಿ ಮಾಬಾನ್‌ನಲ್ಲಿ ಸ್ಥಳೀಯ ಸಶಸ್ತ್ರ ಗುಂಪೊಂದು ನುಯೇರ್ ಜನಾಂಗದ ನೆರವು ಸಿಬ್ಬಂದಿಯನ್ನು ಹುಡುಕಿ ಹುಡುಕಿ ಕೊಂದಿತು. ಅಷ್ಟರಲ್ಲಿ ನಾನು ಊರಿಗೆ ಬಂದಿದ್ದೆ. ಸುದ್ದಿಯನ್ನು ಫೋನಿನಲ್ಲಿ ಓದಿದೆ.

ಹೆಪಟೈಟಿಸ್ ಇಗೆ ಚೀನಾದಲ್ಲಿ 2011ರಲ್ಲೇ ಲಸಿಕೆಗೆ ಅನುಮತಿ ಸಿಕ್ಕಿತ್ತು. ರೋಗ ಹರಡುತ್ತಿರುವ ಜಾಗದಲ್ಲಿ ಅದನ್ನು ಮೊದಲ ಸಲ ಹಾಕಿದ್ದು 2022ರಲ್ಲಿ, ದಕ್ಷಿಣ ಸುಡಾನ್‌ನದೇ ಬೆಂಟಿಯು ಕ್ಯಾಂಪಿನಲ್ಲಿ. ಹತ್ತು ವರ್ಷಕ್ಕೂ ಜಾಸ್ತಿ. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಈ ಕೆಲಸಕ್ಕೆ ಹೋಗಬೇಕು ಅಂತ ಆಗಾಗ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದು ಇಷ್ಟು. ಪಂಪಿನ ಡಿಸೈನ್ ಅಲ್ಲಿ ಹೋಗಿಯೂ ಕಲಿಯಬಹುದು. ಮೊದಲು ನಿಮ್ಮ ಊರಿನ ನೀರಿನಲ್ಲಿ ನಾಲ್ಕು ಬಕೆಟ್ ಪರೀಕ್ಷೆ ಕೈಯಾರೆ ಮಾಡಿ. ಡಿ.ಪಿ.ಡಿ. ಮಾತ್ರೆಯ ಎಕ್ಸ್‌ಪೈರಿ ದಿನಾಂಕ ನೋಡಿಯೇ ತಗೊಳ್ಳಿ, ಮಾತ್ರೆಯನ್ನು ಬೆರಳಿನಿಂದ ಮುಟ್ಟಬೇಡಿ. ನಲ್ಲಿಯ ಅಂಕಿ ಬರೆಯುವ ಪುಸ್ತಕದಲ್ಲಿ ಮನೆಯ ಅಂಕಿಗೂ ಒಂದು ಕಾಲಂ ಹಾಕಿ. ಎಚ್.ಟಿ.ಎಚ್. ಡ್ರಮ್ಮನ್ನು ಮಾತ್ರ ಜನರೇಟರಿನ ಡೀಸೆಲ್ ಹತ್ತಿರ ಇಡಲೇಬೇಡಿ. ಎಣ್ಣೆ ತಾಗಿದರೆ ಬೆಂಕಿ ಹತ್ತಿಕೊಳ್ಳುತ್ತದೆ.