ಕಿರ್ದಿ ಬಿಟ್ಟು ಕಂಪ್ಯೂಟರ್: ಅಕ್ಕಿ ಗಿರಣಿಯ ಲೆಕ್ಕ ಬದಲಿಸುವುದು ಹೇಗೆ?

ಗಂಗಾವತಿ, ಕಾರಟಗಿ ಕಡೆಯ ಗಿರಣಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಸಾವ್ಕಾರರು ದುಡ್ಡು ಸುರಿದು ಕಂಪ್ಯೂಟರ್ ತರಿಸುತ್ತಾರೆ. ಕೆಲವೇ ತಿಂಗಳಿಗೆ ಅದು ಮೂಲೆ ಸೇರುತ್ತದೆ, ಗುಮಾಸ್ತರು ಮತ್ತೆ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುತ್ತಿರುತ್ತಾರೆ. ಹೀಗಾಗದಂತೆ ಮಾಡಬಹುದು.

ಮೊದಲು ಕಾಲ ನೋಡಿ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತದ ಲಾರಿ ಸಾಲುಗಟ್ಟಿರುತ್ತವೆ, ಆಗ ಬೇಡ. ಹೊಸ ಲೆಕ್ಕದ ವರ್ಷ ಎಂದು ಏಪ್ರಿಲ್ 1ಕ್ಕೆ ಶುರು ಮಾಡುವವರೇ ಜಾಸ್ತಿ. ಆದರೆ ಎರಡನೇ ಬೆಳೆಗೆ ತುಂಗಭದ್ರಾ ನೀರು ಸಿಕ್ಕ ವರ್ಷ ಅದೂ ಸುಗ್ಗಿಯೇ. ಜುಲೈ, ಆಗಸ್ಟ್‌ನಲ್ಲೇ ಮಾಡಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ತೂಕದ ಚೀಟಿಯೊಂದರಿಂದ ಶುರು ಮಾಡಿದರೆ ಸಾಕು.

ಇನ್ನು ಜನರ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಬದಲಾವಣೆಗೆ ಮೂರು ಹಂತ ಎಂದು ಮನೋವಿಜ್ಞಾನಿ ಕರ್ಟ್ ಲೆವಿನ್ 1947ರಲ್ಲೇ ಬರೆದರು: ಹಳೆಯದನ್ನು ಸಡಿಲಿಸುವುದು, ಬದಲಿಸುವುದು, ಹೊಸದನ್ನು ಗಟ್ಟಿ ಮಾಡುವುದು. ನಮ್ಮವರು ಮೊದಲನೆಯದನ್ನು ಹಾರಿ ನೇರ ಎರಡನೆಯದಕ್ಕೆ ಹೋಗುತ್ತಾರೆ.

ಕಂಪ್ಯೂಟರ್ ಕೊಳ್ಳುವ ಮುಂಚೆಯೇ ಗುಮಾಸ್ತರೊಬ್ಬರನ್ನೇ ಕೂಡಿಸಿಕೊಂಡು ಮಾತಾಡಿ. ನಾಲ್ಕು ಜನರ ಮುಂದೆ ಬೇಡ. ಅವರು “ಸಾವ್ಕಾರ್ರೇ, ಕರೆಂಟ್ ಹೋದ್ರೆ ಏನ್ ಮಾಡೋದ್ರೀ?” ಎನ್ನಬಹುದು. ಯುಪಿಎಸ್ ಇದೆ ಎಂದು ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕೆಲಸ ಉಳಿಯುತ್ತದಾ, ಪಗಾರ ಅಷ್ಟೇ ಇರುತ್ತದಾ, ತಪ್ಪಾದರೆ ಯಾರ ತಲೆಗೆ ಬರುತ್ತದೆ? ಈ ಮೂರನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಹೇಳಿ, ನಿಜವನ್ನೇ ಹೇಳಿ. ಆಮೇಲೆ ರೈತರ ಖಾತೆ ತೆರೆಯುವ ಕೆಲಸ ಅವರಿಗೇ ಒಪ್ಪಿಸಿ. ಒಂದೇ ಊರಲ್ಲಿ ಒಂದೇ ಹೆಸರಿನ ಮೂವರಿದ್ದರೆ ಯಾರ ಭತ್ತ ಯಾವುದು ಎಂಬುದು ಅವರಿಗೆ ಗೊತ್ತು, ಸಾಫ್ಟ್‌ವೇರ್ ಮಾರಿದವನಿಗೆ ಗೊತ್ತಿಲ್ಲ. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ ತಾನೆ? ಮೊದಲ ವಾರ ಅವರ ಎಣಿಕೆ, ಕಂಪ್ಯೂಟರಿನ ಎಣಿಕೆ ಎರಡನ್ನೂ ಮುಂದಿಟ್ಟು ಬಟವಾಡೆ ಮಾಡಿ. ಕಣ್ಣಾರೆ ಕಂಡರೆ ನಂಬುತ್ತಾರೆ.

ಎಂಜಿನಿಯರಿಂಗ್ ಓದಿದ ಮಗನನ್ನು ತಂದು ಕೂಡಿಸುವುದು ಸುಲಭದ ದಾರಿ ಅನಿಸುತ್ತದೆ. ಅವನು ಬೆಂಗಳೂರಿಗೆ ಹೊರಟ ದಿನವೇ ಎಲ್ಲ ನಿಲ್ಲುತ್ತದೆ. ನೂರೆಂಟು ಪರದೆಗಳಿರುವ ದುಬಾರಿ ಸಾಫ್ಟ್‌ವೇರ್ ಕೂಡ ಬೇಡ, ಕನ್ನಡದಲ್ಲಿ ಚೀಟಿ ಬರದಿದ್ದರೆ ಅದನ್ನು ವಾಪಸ್ ಕಳಿಸಿ. ಕಲಿಸುವಾಗ ವಿಡಿಯೊ ತೋರಿಸಿ ಕೈತೊಳೆದುಕೊಳ್ಳಬೇಡಿ. ನಿನ್ನೆಯ ನಿಮ್ಮದೇ ಚೀಟಿಗಳನ್ನು ಗುಮಾಸ್ತರ ಕೈಯಲ್ಲೇ ಹೊಡೆಸಿ.

ಒಂದು ತಿಂಗಳು ಕಿರ್ದಿ, ಕಂಪ್ಯೂಟರ್ ಎರಡೂ ನಡೆಯಲಿ. ಕಿರ್ದಿ ನಿಲ್ಲುವ ತಾರೀಖನ್ನು ಮೊದಲೇ ಗೋಡೆಗೆ ಅಂಟಿಸಿ. ಆ ದಿನದ ನಂತರ ಸಾವ್ಕಾರರೇ “ಆ ಪುಸ್ತಕ ತಗೊಂಬಾ” ಎಂದರೆ ಮುಗೀತು, ಮರುದಿನದಿಂದ ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ. ಹಳೆಯ ಪುಸ್ತಕಗಳನ್ನು ಬೀರುವಿಗೆ ಹಾಕಿ ಬೀಗ ಹಾಕಿ. ರದ್ದಿಗೆ ಮಾತ್ರ ಕೊಡಬೇಡಿ: ಜಿಎಸ್‌ಟಿ ಕಾಯ್ದೆಯಂತೆ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು.